ಹತ್ತು ರೂಪಾಯಿ ಗೋಲಿಯೋ, ಒಂಬೈನೂರರ ಕ್ರಿಸ್ಟಲ್ ಬಾಲೋ?

ಆಡುವುದಕ್ಕಲ್ಲ, ನೋಡುವುದಕ್ಕೆ ಗೋಲಿ ಬೇಕು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಣ್ಣಿಗೆ ಹಿಡಿದರೆ ಓಣಿಯೇ ತಲೆಕೆಳಗಾಗಬೇಕು, ಬಿಸಿಲಿಗಿಟ್ಟರೆ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕಿ ಬೀಳಬೇಕು. ಆ ಮಜಾಕ್ಕೆಂದೇ ನಾಲ್ಕು ಥರದ್ದು ನಮ್ಮ ಮನೆಗೆ ಬಂದಿವೆ: ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯೊಂದರಲ್ಲಿ ಹತ್ತು ರೂಪಾಯಿಗೆ ಪುಟ್ಟ ಪೊಟ್ಟಣದ ಲೆಕ್ಕದಲ್ಲಿ ಸಿಕ್ಕ ಬಣ್ಣವಿಲ್ಲದ ಗಾಜಿನ ಗೋಲಿ, ಒಳಗೆ ಬಣ್ಣದ ಎಸಳಿರುವ ಗೋಲಿ, ಆನ್‌ಲೈನಿನಲ್ಲಿ ತರಿಸಿದ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಗೋಲಿ, ಮತ್ತೆ ಫೋಟೋ ತೆಗೆಯುವವರು ಬಳಸುವ 80 ಮಿ.ಮೀ. ಕ್ರಿಸ್ಟಲ್ ಬಾಲ್. ನನ್ನ ಶರ್ಟಿನ ಜೇಬಿನಲ್ಲಿರುವುದು ಮೊದಲನೆಯದು. ಉಳಿದ ಮೂರಕ್ಕೂ ಅದನ್ನು ಸೋಲಿಸಲು ಆಗಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಒಂದು ಹಳೆಯ ಪೇಪರ್ ಸಾಕು. 'ಕಲ್ಯಾಣ ಕರ್ನಾಟಕ' ಎಂದು ಅಚ್ಚಾದ ಜಾಗದ ಮೇಲೆ ಗೋಲಿ ಇಡಿ. ಮುಟ್ಟಿಕೊಂಡಿರುವ ಅಕ್ಷರ ಸುಮಾರು ಮೂರು ಪಟ್ಟು ದೊಡ್ಡದಾಗಿ, ನೆಟ್ಟಗೆ ಕಾಣುತ್ತದೆ. ಈಗ ಗೋಲಿಯನ್ನು ಮೆಲ್ಲಗೆ ಮೇಲೆತ್ತಿ. ಅಕ್ಷರ ಉಬ್ಬುತ್ತದೆ, ಉಬ್ಬಿ ಉಬ್ಬಿ ಕಲಸಿಹೋಗುತ್ತದೆ, ಇನ್ನೊಂದಿಷ್ಟು ಎತ್ತಿದಿರೋ ಧಡಕ್ಕನೆ ಮಗುಚಿಕೊಂಡು ನಿಲ್ಲುತ್ತದೆ. ಕೆಳಗಿದ್ದ ಯ-ವತ್ತು ಮೇಲೇರಿ ಕೂತಿರುತ್ತದೆ, ಸಾಲು ಬಲದಿಂದ ಎಡಕ್ಕೆ ಓಡುತ್ತದೆ. ಸಾಧಾರಣ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ, 1.5ರ ಆಸುಪಾಸು ಇರುವುದರಿಂದ, 16 ಮಿ.ಮೀ. ಗೋಲಿಯೊಳಗೆ ಹಾದ ಬೆಳಕು ಅದರ ಮೈಯಿಂದ ಸುಮಾರು 4 ಮಿ.ಮೀ. ಆಚೆಗೇ ಒಂದೆಡೆ ಸೇರುತ್ತದೆ. ಅದಕ್ಕಿಂತ ಹತ್ತಿರವಿದ್ದದ್ದು ನೆಟ್ಟಗೆ, ದೂರವಿದ್ದದ್ದು ಉಲ್ಟಾ. ಇಡೀ ಆಟ ಎರಡು ಬೆರಳುಗಳ ನಡುವೆ ಮುಗಿಯುತ್ತದೆ. ನಮ್ಮೂರಿನ ಅಪ್ಪನ ಕೆರೆಯ ದಂಡೆಯಲ್ಲಿ ನಿಂತು ತೋಳು ಚಾಚಿ ಹಿಡಿದರೆ ನೀರು ಮೇಲೆ, ಆಕಾಶ ಕೆಳಗೆ, ನಡುವೆ ವಾಕಿಂಗ್ ಬಂದವರು ತಲೆ ಕೆಳಗೆ ಮಾಡಿಕೊಂಡು ನಡೆಯುತ್ತಿರುತ್ತಾರೆ.

ಇನ್ನೊಂದು ಪರೀಕ್ಷೆ: ಗೋಲಿಯನ್ನು ಗಾಜಿನ ಲೋಟದ ನೀರಿನೊಳಗೆ ಬಿಡಿ. ಅರ್ಧ ಮಾಯವೇ ಹೋಗಿಬಿಡುತ್ತದೆ. ಗಾಜಿಗೂ ಗಾಳಿಗೂ ಇರುವಷ್ಟು ವ್ಯತ್ಯಾಸ ಗಾಜಿಗೂ ನೀರಿಗೂ ಇಲ್ಲ. ನೀರಿನ ಸೂಚ್ಯಂಕ 1.33. ಹಾಗಾಗಿ ಬೆಳಕು ಸ್ವಲ್ಪವೇ ಬಾಗಿ, ಮೈಯಿಂದ ಮೊದಲಿನ ಸುಮಾರು ಏಳು ಪಟ್ಟು ದೂರ ಹೋಗಿ ಸೇರುತ್ತದೆ. ಚಿಕ್ಕವರಿದ್ದಾಗ ನಮಗೆ ಅಸಲಿ ಗೋಲಿ ಅಂದರೆ ಸೋಡಾ ಬಾಟಲಿಯದೇ. ಹೈರಾಮ್ ಕಾಡ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು, ಒಳಗಿನ ಗ್ಯಾಸೇ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಅದನ್ನು ಹೊರಗೆ ತೆಗೆಯಲು ನಾವು ಪಟ್ಟ ಪಾಡು ಇಲ್ಲಿ ಬೇಡ.

ಎಸಳಿನ ಗೋಲಿ ಆಟಕ್ಕೆ ಒಳ್ಳೆಯದು, ನೋಡಲು ಚೆಂದ. ಆದರೆ ಅದನ್ನು ನೋಡಬಹುದೇ ಹೊರತು ಅದರ ಮೂಲಕ ನೋಡಲಾಗದು. ಒಳಗಿರುವ ತೆಳು ಎಸಳನ್ನು ಗೋಲಿಯೇ ಹಿಗ್ಗಿಸಿ ತೋರಿಸುವುದರಿಂದ ಒಂದು ಕಡೆಯಿಂದ ಇಡೀ ಗೋಲಿ ನೀಲಿ, ತಿರುಗಿಸಿದರೆ ಬರೀ ಗೆರೆ. ನನ್ನ ಮಗಳಿಗೆ ಇದೇ ಇಷ್ಟ, ನಾನು ವಾದಕ್ಕಿಳಿಯುವುದಿಲ್ಲ.

ಅಕ್ರಿಲಿಕ್ ಬಗ್ಗೆ ಜನ ಮೂಗು ಮುರಿಯುತ್ತಾರೆ. ಬೆಳಕು ಬಗ್ಗಿಸುವುದರಲ್ಲಿ ಅದು ಗಾಜಿಗೆ ಕಡಿಮೆಯಿಲ್ಲ, ಸೂಚ್ಯಂಕ 1.49. ತೂಕ ಮಾತ್ರ ಗಾಜಿನ ಅರ್ಧಕ್ಕಿಂತ ಕಡಿಮೆ. ತೊಂದರೆಯೆಲ್ಲ ಮೈಮೇಲಿನದು: ನಮ್ಮಲ್ಲಿ ಮನೆಮನೆಗೂ ಇರುವ ಶಹಾಬಾದ್ ಕಲ್ಲಿನ ಫರಸಿಯ ಮೇಲೆ ಸ್ವಲ್ಪ ಉರುಳಾಡಿತೋ, ಗೀರು ಬಿದ್ದು ಮಂಜಾಗುತ್ತದೆ. ಮುಂದೆ ಹೇಳುವುದಕ್ಕೇನೂ ಇಲ್ಲ.

ಇನ್ನು ಕ್ರಿಸ್ಟಲ್ ಬಾಲ್. ಒಂಬೈನೂರು ರೂಪಾಯಿಯ ಹತ್ತಿರ ಬಿತ್ತು. ಜೊತೆಗೆ ಕಟ್ಟಿಗೆಯ ಪುಟ್ಟ ಸ್ಟ್ಯಾಂಡ್, ಮಖಮಲ್ಲಿನ ಚೀಲ. ನಮ್ಮೂರಿನ ಬುದ್ಧ ವಿಹಾರದ ಗುಮ್ಮಟವನ್ನು ಅದರೊಳಗೆ ಹಿಡಿದು ತೆಗೆದ ಫೋಟೋ ಚೆನ್ನಾಗಿ ಬಂತು, ಸುಳ್ಳು ಹೇಳಬಾರದು. ಮಾರುವವರ ಪುಟದಲ್ಲಿ ಕಿಟಕಿಯ ಪಕ್ಕ, ಪುಸ್ತಕಗಳ ಮೇಲೆ ಈ ಗೋಳ ಕೂತಿದ್ದ ಚಿತ್ರವಿತ್ತು. ನಾನೂ ಹಾಗೇ ಪಡಸಾಲೆಯ ಪಶ್ಚಿಮದ ಕಿಟಕಿಯ ಬಳಿ, ಟೀಪಾಯಿಯ ಮೇಲಿಟ್ಟೆ. ಏಪ್ರಿಲ್ ತಿಂಗಳು. ಕಲಬುರಗಿಯ ಬಿಸಿಲನ್ನು ಬೇರೆ ವರ್ಣಿಸಬೇಕೆ?

ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. "ಏನೋ ಸುಟ್ಟ ವಾಸನಿ ಬರ್ಲಕತ್ತದ, ಏಳ್ರಿ" ಅಂದಳು ಮನೆಯಾಕೆ. ಒಲೆ ಆರಿತ್ತು. ವೈರಿಂಗ್ ಇರಬೇಕೆಂದು ಮೇನ್ ಸ್ವಿಚ್ ಕೂಡ ಇಳಿಸಿದೆವು. ಕೊನೆಗೆ ಮಗಳು ತೋರಿಸಿದಳು: ಟೀಪಾಯಿಯ ಬಟ್ಟೆಯ ಮೇಲೆ ಅರ್ಧ ಬೆರಳುದ್ದದ ಕರಿ ಗೆರೆ, ಅದರ ಒಂದು ತುದಿಯಿಂದ ಎಳೆಯಷ್ಟು ಹೊಗೆ. 80 ಮಿ.ಮೀ. ಗೋಳದಲ್ಲಿ ಬೆಳಕು ಸೇರುವುದು ಮೈಯಿಂದ ಸುಮಾರು 2 ಸೆಂ.ಮೀ. ಆಚೆ. ಸ್ಟ್ಯಾಂಡಿನ ಮೇಲೆ ಕೂತಾಗ ಟೀಪಾಯಿಗೂ ಅದಕ್ಕೂ ಇದ್ದ ಅಂತರವೂ ಹೆಚ್ಚುಕಮ್ಮಿ ಅಷ್ಟೇ. ಸೂರ್ಯ ಸರಿದಂತೆ ಚುಕ್ಕಿಯೂ ಸರಿದಿದೆ, ಆದ್ದರಿಂದ ತೂತಿನ ಬದಲು ಗೆರೆ.

ಇದೇನೂ ಹೊಸ ಸಂಗತಿಯಲ್ಲ. ಹವಾಮಾನ ವೀಕ್ಷಣಾಲಯಗಳಲ್ಲಿ ದಿನಕ್ಕೆ ಎಷ್ಟು ಹೊತ್ತು ಬಿಸಿಲಿತ್ತು ಎಂದು ಅಳೆಯುತ್ತಿದ್ದದ್ದೇ ಹೀಗೆ. ಕ್ಯಾಂಪ್‌ಬೆಲ್ ಎಂಬಾತ 1853ರಲ್ಲಿ ಮಾಡಿದ, ಮುಂದೆ 1879ರಲ್ಲಿ ಸ್ಟೋಕ್ಸ್ ತಿದ್ದಿದ ಆ ಉಪಕರಣದಲ್ಲಿ ಗಾಜಿನ ಗೋಳವೊಂದು ಹಿಂದಿನ ಕಾರ್ಡನ್ನು ಸುಡುತ್ತಾ ಹೋಗುತ್ತದೆ, ಸುಟ್ಟ ಗೆರೆಯ ಉದ್ದವೇ ಬಿಸಿಲಿನ ಲೆಕ್ಕ. ನೂರೈವತ್ತು ವರ್ಷದಿಂದ ಗೊತ್ತಿರುವ ಈ ವಿಷಯ ಡಬ್ಬಿಯ ಮೇಲೆ ಮಾತ್ರ ಇಲ್ಲ. ಅಲ್ಲಿದ್ದದ್ದು 'ಮಕ್ಕಳಿಂದ ದೂರವಿಡಿ'. ಕಂಪನಿಗೆ ಫೋಟೋ ಸಮೇತ ಬರೆದೆ. 'ಮೃದುವಾದ ಒಣಬಟ್ಟೆಯಿಂದ ಒರೆಸಿ' ಎಂದು ಉತ್ತರ ಬಂತು. ಏನನ್ನು ಒರೆಸಬೇಕೋ!

ಈಗ ಅದು ಅಲ್ಮೇರಾದಲ್ಲಿ, ಚೀಲದೊಳಗಿದೆ. ಬೆಳಕಿಗೆಂದು ಕೊಂಡ ವಸ್ತು ಕತ್ತಲಲ್ಲಿ. ನೋಡಬೇಕೆನಿಸಿದರೆ ತೆಗೆಯಬೇಕು, ಬೆರಳಚ್ಚು ಒರೆಸಬೇಕು, ಮುಕ್ಕಾಲು ಕೆ.ಜಿ.ಗೆ ತುಸು ಕಡಿಮೆ ಭಾರದ ಗೋಳ ಫರಸಿಯ ಮೇಲೆ ಬೀಳದಂತೆ ಕಾಯಬೇಕು, ಕೈಬಿಟ್ಟು ಏಳುವ ಹಾಗಿಲ್ಲ. ಸಣ್ಣ ಗೋಲಿಯೂ ಬಿಸಿಲನ್ನು ಒಟ್ಟುಗೂಡಿಸುತ್ತದೆ ನಿಜ, ಆದರೆ ದೊಡ್ಡದು ಹಿಡಿಯುವ ಬಿಸಿಲಿನ 25ರಲ್ಲಿ ಒಂದು ಪಾಲು ಮಾತ್ರ ಅದಕ್ಕೆ ಸಿಗುವುದು. ಯಾವುದರಿಂದಲೂ ಸೂರ್ಯನ ಕಡೆ ನೋಡಬೇಡಿ, ಮಕ್ಕಳಿಗೆ ಕೊಡುವಾಗ ಇದನ್ನು ಹೇಳಿಯೇ ಕೊಡಿ.

ದೊಡ್ಡದರ ಪರವಾಗಿ ಒಂದು ಮಾತು ಹೇಳಲೇಬೇಕು. ಬೆಳಕು ಬಣ್ಣಗಳಾಗಿ ಒಡೆಯುವುದನ್ನು ನೋಡಲು ಗಾತ್ರ ಬೇಕು. ಪರ್ಷಿಯಾದ ಕಮಾಲುದ್ದೀನ್ ಅಲ್-ಫಾರಿಸಿ 14ನೇ ಶತಮಾನದ ಆರಂಭದಲ್ಲಿ ಕಾಮನಬಿಲ್ಲಿನ ಗುಟ್ಟು ಹುಡುಕಲು ನೀರು ತುಂಬಿದ ಗಾಜಿನ ಗೋಳವನ್ನೇ ಮಳೆಹನಿಯ ಜಾಗದಲ್ಲಿಟ್ಟುಕೊಂಡಿದ್ದ. ಶಾಲೆಯ ಪ್ರದರ್ಶನಕ್ಕೆ ಬೇಕಿದ್ದರೆ, ಪಕ್ಕದಲ್ಲೇ ನಿಲ್ಲುವವರೊಬ್ಬರಿದ್ದರೆ, ಕೊಳ್ಳಬಹುದು. ಕ್ಯಾಮೆರಾ ಹುಚ್ಚಿದ್ದವರೂ ಕೊಳ್ಳಲಿ.

ಬಸ್ಸಿಗೆ ಕಾಯುವಾಗ ಜೇಬಿನಿಂದ ತೆಗೆದು ನೋಡುವ ನನ್ನಂಥವರಿಗೆ ಹತ್ತು ರೂಪಾಯಿಯದೇ ಸರಿ. ಕಳೆದರೆ ಇನ್ನೊಂದು. ಆರಿಸುವಾಗ ಮಾತ್ರ ಅವಸರ ಬೇಡ. ಒಂದೊಂದನ್ನೇ ಬಾಗಿಲ ಬೆಳಕಿಗೆ ಹಿಡಿಯಿರಿ. ಒಳಗೆ ಗುಳ್ಳೆ ಇದ್ದರೆ ಬೆಳ್ಳಿಮಣಿಯ ಹಾಗೆ ಹೊಳೆಯುತ್ತದೆ, ಚಿತ್ರ ಅಲ್ಲಿ ಒಡೆಯುತ್ತದೆ. ಮೈಮೇಲೆ ಉಗುರಾಡಿಸಿದರೆ ಅಚ್ಚಿನ ಗೆರೆಯೂ ಚೂರೆದ್ದ ಜಾಗವೂ ಸಿಗುತ್ತವೆ. ತುಸು ಹಸಿರು ಛಾಯೆ ಇದ್ದರೆ ಚಿಂತೆಯಿಲ್ಲ, ಗಾಜಿನಲ್ಲಿ ಉಳಿದ ಕಬ್ಬಿಣದ ಅಂಶ ಅದು. "ಅಣ್ಣಾರ, ಗೋಲಿ ಒಯ್ತೀರೋ, ಹುಡುಗಿ ನೋಡ್ಲಕ್ಕ ಬಂದೀರೋ?" ಅಂತ ಅಂಗಡಿಯವ ಕೇಳಿದ. ಕೇಳಲಿ, ಗುಳ್ಳೆ ಇದ್ದದ್ದು ಇಲ್ಲಿಯವರೆಗೆ ಒಂದೂ ಮನೆಗೆ ಬಂದಿಲ್ಲ.