ಸಾದಾ ಎಡಿಟಿಯೋ, ಜಿಎಡಿಟಿಯೋ: ಎಕ್ಸ್‌ಪ್ರೆಶನ್ ಪಾರ್ಸರ್‌ಗೆ ಯಾವುದು?

'1 + ಟ್ರೂ' ಎಂದು ಯಾರಾದರೂ ಬರೆದರೆ ಆ ತಪ್ಪು ಎಲ್ಲಿ ಸಿಕ್ಕಿಬೀಳಬೇಕು? ನಿಮ್ಮ ಆಯ್ಕೆ ನಿಂತಿರುವುದು ಇದರ ಮೇಲೆ.

ಸಾದಾ ಎಡಿಟಿಯಲ್ಲಿ (ಆಲ್ಜಿಬ್ರಾಯಿಕ್ ಡೇಟಾ ಟೈಪ್, ಅಂದರೆ ಹಲವು ಕವಲುಗಳಲ್ಲಿ ಯಾವುದಾದರೂ ಒಂದಾಗಬಲ್ಲ ಟೈಪ್) ಸಂಖ್ಯೆ, ಬೂಲಿಯನ್, ಕೂಡಿಕೆ, ಇಫ್ ಎಲ್ಲವೂ ಒಂದೇ ಟೈಪಿನ ಕವಲುಗಳು. ಪಾರ್ಸರ್, ಅಂದರೆ ಬರೆದ ಪಠ್ಯವನ್ನು ಮರದ ರೂಪಕ್ಕೆ ತರುವ ಭಾಗ, ಬರೆಯುವುದು ಸಲೀಸು. ಆದರೆ ಆ ಮರದಿಂದ ಉತ್ತರ ಲೆಕ್ಕಹಾಕುವ ಇವ್ಯಾಲ್ಯುಯೇಟರ್ ಪ್ರತಿ ಹೆಜ್ಜೆಗೂ 'ಇದು ಸಂಖ್ಯೆಯೇ?' ಎಂದು ರನ್‌ಟೈಮಿನಲ್ಲಿ ಕೇಳುತ್ತಲೇ ಇರಬೇಕು.

ಜಿಎಡಿಟಿಯಲ್ಲಿ (ಜನರಲೈಸ್ಡ್ ಎಡಿಟಿ) ಪ್ರತಿ ಕನ್‌ಸ್ಟ್ರಕ್ಟರ್, ಅಂದರೆ ಪ್ರತಿ ಕವಲು, ತನ್ನ ಫಲಿತಾಂಶದ ಟೈಪನ್ನು ಹೊತ್ತೇ ಬರುತ್ತದೆ. ಕೂಡಿಕೆಗೆ ಎರಡು ಇಂಟ್ ಎಕ್ಸ್‌ಪ್ರೆಶನ್‌ಗಳೇ ಬೇಕು. ತಪ್ಪು ಮರ ಕಟ್ಟಲು ಕಂಪೈಲರ್ ಬಿಡುವುದೇ ಇಲ್ಲ. ಇವ್ಯಾಲ್ಯುಯೇಟರ್‌ನಲ್ಲಿ ಆ ತಪಾಸಣೆಗಳೆಲ್ಲ ಮಾಯ. ಈ ಸ್ವಚ್ಛತೆ ನನಗೆ ನಿಜಕ್ಕೂ ಇಷ್ಟ.

ತೊಡಕಿರುವುದು ಪಾರ್ಸರ್‌ನಲ್ಲಿ. ಇನ್‌ಪುಟ್‌ನಲ್ಲಿ ಏನಿರುತ್ತದೆಂದು ಕಂಪೈಲ್ ಸಮಯಕ್ಕೆ ಗೊತ್ತಿಲ್ಲದ ಮೇಲೆ ಅದು ಯಾವ ಟೈಪನ್ನು ಹಿಂದಿರುಗಿಸಬೇಕು? ಒಳಗಿರುವ ಟೈಪ್ ಯಾವುದೆಂದು ಹೊರಗೆ ತೋರಿಸದ ಎಕ್ಸಿಸ್ಟೆನ್ಷಿಯಲ್ ಟೈಪಿನಲ್ಲಿ ಸುತ್ತಿ ಕೊಡಬೇಕಾಗುತ್ತದೆ. ಇದನ್ನು ಪಾರ್ಸರ್ ಒಳಗೇ ಮಾಡಹೊರಟರೆ ಆಪರೇಟರ್ ಆದ್ಯತೆಯೂ ಟೈಪ್ ಪುರಾವೆಯೂ ಒಂದಕ್ಕೊಂದು ಸಿಕ್ಕಾಗುತ್ತವೆ. ಹಾಗಾಗಿ ಎರಡು ಹಂತ ಮಾಡಿ: ಮೊದಲು ಸಾಲು, ಕಾಲಂ ಸಮೇತ ಸಾದಾ ಮರ, ಆಮೇಲೆ ಟೈಪ್‌ಚೆಕರ್ ಅದನ್ನು ಜಿಎಡಿಟಿಗೆ ಏರಿಸಲಿ. 'ಇಲ್ಲಿ ಸಂಖ್ಯೆ ಬೇಕಿತ್ತು' ಎಂದು ಸರಿಯಾದ ಜಾಗ ತೋರಿಸುವ ದೋಷ ಸಂದೇಶ ಸುಲಭವಾಗಿ ಸಿಗುವುದೂ ಹೀಗೆಯೇ.

ಭಾಷೆಯೂ ಮುಖ್ಯ. ಹ್ಯಾಸ್ಕೆಲ್‌ನಲ್ಲಿ ಎಕ್ಸ್‌ಟೆನ್ಷನ್ ಆಗಿ, ಓಕ್ಯಾಮಲ್‌ನಲ್ಲಿ 2012ರ 4.00 ಆವೃತ್ತಿಯಿಂದ ಜಿಎಡಿಟಿ ಇದೆ. ರಸ್ಟ್‌ನಲ್ಲಿ ನೇರ ಬೆಂಬಲವಿಲ್ಲ. ಅಲ್ಲಿ ಸಾದಾ ಈನಮ್ (ರಸ್ಟ್‌ನ ಎಡಿಟಿ) ಜೊತೆಗೆ ಪ್ರತ್ಯೇಕ ಟೈಪ್‌ಚೆಕರ್ ಸಾಕು. ಬರೀ ಸಂಖ್ಯೆಗಳ ಕ್ಯಾಲ್ಕ್ಯುಲೇಟರ್ ಆದರೆ ಯಾವ ಭಾಷೆಯಲ್ಲೂ ಜಿಎಡಿಟಿ ಬೇಡ.