ಎಂಟು ಚಾನೆಲ್ ಸಮ್ಮಿಂಗ್ ಮಿಕ್ಸರ್ ಕಿಟ್: ಮಡಿಕೇರಿಯ ಮಳೆಗಾಲಗಳನ್ನು ದಾಟಿದ ಮೇಲೆ

ಸಮ್ಮಿಂಗ್ ಮಿಕ್ಸರ್ ಅಂದರೆ ಬೇರೆ ಬೇರೆ ಟ್ರ್ಯಾಕ್‌ಗಳನ್ನು ಕಂಪ್ಯೂಟರ್ ಹೊರಗೆ ಕೂಡಿಸಿ ಎಡ, ಬಲ ಎರಡೇ ಸಿಗ್ನಲ್ ಮಾಡುವ ಪೆಟ್ಟಿಗೆ. ಇದು ನಾವೇ ಬೆಸುಗೆ ಹಾಕಿ ಜೋಡಿಸುವ ಕಿಟ್. ಕಂಪ್ಯೂಟರ್ ಒಳಗೆ ಟ್ರ್ಯಾಕ್ ಕೂಡಿಸಿದರೆ ಸೌಂಡ್ ಕೆಡುತ್ತದೆ ಅನ್ನೋ ಮಾತು ನಂಬಿ ಈ ಕಿಟ್ ತಗೊಳ್ಳಬೇಡಿ. ಈಗಿನ ಸಾಫ್ಟ್‌ವೇರ್‌ಗಳು 32 ಬಿಟ್ ಫ್ಲೋಟ್‌ನಲ್ಲೋ ಅದಕ್ಕಿಂತ ಮೇಲೋ, ಅಂದರೆ ಬಹಳ ನಿಖರವಾಗಿ, ಲೆಕ್ಕ ಮಾಡುತ್ತವೆ. ಕೂಡಿಸುವಾಗ ಕಿವಿಗೆ ಗೊತ್ತಾಗುವಂಥದ್ದು ಏನೂ ಕಳೆದುಹೋಗಲ್ಲ. ಇದಕ್ಕೆ ಕೊಟ್ಟ ದುಡ್ಡು ಸಾರ್ಥಕವಾಗೋದು ಕೂಡಿಸಿದ ನಂತರ ಸಿಗ್ನಲ್ ಎತ್ತುವ ಆಂಪ್ಲಿಫೈಯರ್‌ನಿಂದ, ಅಂದರೆ ಆಂಪ್‌ನಿಂದ.

ಒಳಗಿನ ಕೆಲಸ ಸರಳ. ಎಡಕ್ಕೆ ನಾಲ್ಕು ಇನ್‌ಪುಟ್, ಬಲಕ್ಕೆ ನಾಲ್ಕು. ಪ್ರತಿಯೊಂದೂ 10 ಕೆ (ಹತ್ತು ಸಾವಿರ ಓಮ್) ರೆಸಿಸ್ಟರ್ ದಾಟಿ ಬಸ್‌ಗೆ, ಅಂದರೆ ಆ ಕಡೆಯ ಎಲ್ಲ ಸಿಗ್ನಲ್ ಕೂಡುವ ಒಂದೇ ತಂತಿಗೆ, ಸೇರುತ್ತದೆ. ನಾಲ್ಕು ಸೇರಿದ ಕಡೆ ಒಂದೊಂದು ಸಿಗ್ನಲ್ಲೂ ಕಾಲು ಭಾಗಕ್ಕೆ, ಅಂದರೆ 12 ಡಿಬಿ ಇಳಿಯುತ್ತದೆ. ಮುಂದಿರುವ ಇನ್‌ಪುಟ್ ಟ್ರಾನ್ಸ್‌ಫಾರ್ಮರ್ 1200 ಓಮ್‌ನದ್ದು, ಅದು ಇನ್ನೂ ಕೆಳಗೆ ಎಳೆಯುತ್ತದೆ. ಅಷ್ಟನ್ನೂ ವಾಪಸ್ ಎತ್ತೋದು ಆಂಪ್. ಈ ಕಿಟ್‌ನಲ್ಲಿ ಅದು 1970ರ ನೀವ್ 1073 ಎಂಬ ಹೆಸರಾಂತ ಸ್ಟುಡಿಯೋ ಪ್ರೀಆಂಪ್‌ನ ಮಾದರಿಯದ್ದು: ಕ್ಲಾಸ್ ಎ (ಸಿಗ್ನಲ್ ಇಲ್ಲದಾಗಲೂ ಕರೆಂಟ್ ಹರಿಯುತ್ತಲೇ ಇರುವ ಬಗೆ), 24 ವೋಲ್ಟ್, ಕೊನೆಯಲ್ಲಿ 2ಎನ್3055 ಟ್ರಾನ್ಸಿಸ್ಟರ್. ಆ ಟ್ರಾನ್ಸಿಸ್ಟರ್‌ನ ಡಿಸಿ ಕರೆಂಟ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಹರಿಯುತ್ತದೆ. ಅದಕ್ಕೇ ಅದರ ಕೋರ್‌ನಲ್ಲಿ (ಒಳಗಿನ ಕಬ್ಬಿಣದ ತಿರುಳಿನಲ್ಲಿ) ಸಣ್ಣ ಗ್ಯಾಪ್ ಇರಲೇಬೇಕು. ಗ್ಯಾಪ್ ಇಲ್ಲದ್ದನ್ನು ಹಾಕಿದರೆ ಕೋರ್ ಬೇಗ ಸ್ಯಾಚುರೇಟ್ ಆಗಿ, ಅಂದರೆ ಇನ್ನಷ್ಟು ಕಾಂತತೆ ಹಿಡಿಯಲಾಗದೆ, ಬಾಸ್ ಒಡೆಯುತ್ತದೆ. ದುಡ್ಡು ಉಳಿಸೋದಿದ್ದರೆ ಡಬ್ಬಿಯಲ್ಲಿ ಉಳಿಸಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಬೇಡ.

ನಾನು ಜಾಸ್ತಿ ರೆಕಾರ್ಡ್ ಮಾಡೋದು ದುಡಿ ಎಂಬ ಕೈವಾದ್ಯ ಹಿಡಿದು ಹಾಡುವ ಹಾಡುಗಳನ್ನು, ಮದುವೆಯ ವಾಲಗವನ್ನು. ದುಡಿ ನೋಡಲು ಚಿಕ್ಕದು, ಪೆಟ್ಟು ಮಾತ್ರ ಬಹಳ ಚೂಪು. ಮೀಟರ್ ಒಮ್ಮೆಲೇ ಕೆಂಪಿಗೆ ಹೋಗುತ್ತದೆ, ಹಾಡುವವರ ದನಿ ಹಿಂದೆಯೇ ಉಳಿಯುತ್ತದೆ. ಆಂಪ್‌ನ ಗೇನ್ (ಸಿಗ್ನಲ್ ಎತ್ತುವ ಪ್ರಮಾಣ) ಎರಡು ಮೆಟ್ಟಿಲು ಏರಿಸಿ, ಔಟ್‌ಪುಟ್ ಅಷ್ಟೇ ಇಳಿಸಿ ಕೇಳಿ. ಪೆಟ್ಟಿನ ತುದಿ ಸ್ವಲ್ಪ ದುಂಡಗಾಗುತ್ತದೆ, ತೊಗಲಿನ ನಾದ ಹಾಗೇ ಇರುತ್ತದೆ, ಹಾಡುವವರ ದನಿ ಮುಂದೆ ಬರುತ್ತದೆ. ಕೊಂಬಿಗೂ ಇದು ಒಳ್ಳೆಯದೇ, ಆದರೆ ಅಲ್ಲಿ ಗೇನ್ ಕಡಿಮೆ ಇರಲಿ. ಜಾಸ್ತಿಯಾದರೆ ಕರ್ಕಶ. ಈ ಒಂದು ಗುಣಕ್ಕಾಗಿ ಎಷ್ಟು ಹೊಗಳಿದರೂ ಸಾಲದು ಅನ್ನಿಸುತ್ತದೆ ನನಗೆ.

ದೂರೂ ಇದೆ. ಕಿಟ್ ಮಾರಿದವರ ಚಿತ್ರದಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಡಬ್ಬಿಯೊಳಗೇ, ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇದೆ. ಹಾಗೇ ಕೂರಿಸಿದರೆ 50 ಹರ್ಟ್ಜ್ ಗುಂಯ್ ಅನ್ನೋದು ಕೇಳೇ ಕೇಳುತ್ತದೆ. ಎಷ್ಟು ಶೀಲ್ಡ್ ಮಾಡಿದರೂ ಪೂರ್ತಿ ಹೋಗಲಿಲ್ಲ. ಪವರ್ ಸಪ್ಲೈಯನ್ನು ಆ ಟ್ರಾನ್ಸ್‌ಫಾರ್ಮರ್ ಸಮೇತ ಬೇರೆ ಡಬ್ಬಿಗೆ ಹಾಕಿ ದೂರ ಇಟ್ಟ ಮೇಲೆ ಸದ್ದಡಗಿತು. ಇಷ್ಟು ದುಬಾರಿ ಕಿಟ್‌ನಲ್ಲಿ ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ? ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಓಡಿಸೋದಾದರೆ ಸೈನ್ ವೇವ್‌ದೇ ಇರಲಿ. ಸ್ಕ್ವೇರ್ ವೇವ್‌ನದ್ದು ಬಝ್ ತರುತ್ತದೆ.

ಇನ್ನು ನಮ್ಮ ಜೂನ್, ಜುಲೈನ ಥಂಡಿ. ಬೆಸುಗೆ ಹಾಕಿದಾಗ ಬೋರ್ಡ್ ಮೇಲೆ ಉಳಿಯುವ ಫ್ಲಕ್ಸ್ ತೇವ ಹೀರಿಕೊಂಡರೆ ಚಿಟಿಚಿಟಿ ಸದ್ದು ಶುರುವಾಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಹಲ್ಲುಜ್ಜುವ ಬ್ರಶ್ ಇದ್ದರೆ ಸಾಕು, ಉಜ್ಜಿ ತೊಳೆದು ಒಣಗಿಸಿ. ಲೆವೆಲ್‌ಗೆ ಪಾಟ್ (ವಾಲ್ಯೂಮ್ ತಿರುಗಿಸುವಂಥ ಪೊಟೆನ್ಷಿಯೋಮೀಟರ್) ಕೊಟ್ಟಿದ್ದರು, ಅದು ಗರಗರ ಅನ್ನತೊಡಗಿತು. ಅದರ ಜಾಗಕ್ಕೆ ರೋಟರಿ ಸ್ವಿಚ್, ರೆಸಿಸ್ಟರ್ ಹಾಕಿದ್ದೇನೆ. ಎಡ ಬಲದ ರೆಸಿಸ್ಟರ್ ಜೋಡಿಗಳನ್ನು ಮಲ್ಟಿಮೀಟರ್‌ನಲ್ಲಿ ಅಳೆದೇ ಆರಿಸಿ, ಇಲ್ಲದಿದ್ದರೆ ನಡುವಿರಬೇಕಾದ ದನಿ ಒಂದು ಪಕ್ಕಕ್ಕೆ ವಾಲುತ್ತದೆ. 2ಎನ್3055 ಸುಮ್ನೆ ಇದ್ದಾಗಲೂ ಬಿಸಿ ಇರುತ್ತದೆ. ಆ ಬಿಸಿ ಡಬ್ಬಿಯನ್ನು ಒಣಗಿಸುವುದರಿಂದ ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಆನ್ ಮಾಡಿಡುತ್ತೇನೆ. ಅದರ ಹತ್ತಿರದ ಕೆಪಾಸಿಟರ್‌ಗಳು ಮಾತ್ರ 85 ಡಿಗ್ರಿಯವು ಬೇಡ, 105 ಡಿಗ್ರಿಯವೇ ಇರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡೋದೇ ವಾಸಿ.

ಮುಂದೆ ಎಪಿಐ 2520 ಎಂಬ ಇನ್ನೊಂದು ಹೆಸರಾಂತ ಸ್ಟುಡಿಯೋ ಆಂಪ್‌ನ ಮಾದರಿಯದ್ದನ್ನು ಹಾಕಿ ಇದರ ಜೊತೆ ಹೋಲಿಸಿ ನೋಡಬೇಕೆಂದಿದ್ದೇನೆ. ಅದಕ್ಕೆ ಪ್ಲಸ್ ಮೈನಸ್ 16 ವೋಲ್ಟ್ ಬೇಕು, ಈಗಿನ ಸಪ್ಲೈ ಸಾಲಲ್ಲ.