ಎರಡು ಸಾದಾ ಮೈಕು, ಒಂದಿಡೀ ರಾಜ್ಯ

ನಮ್ಮ ಬಳ್ಳಾರಿಯಲ್ಲಿ ಆರ್ಕೆಸ್ಟ್ರಾ ಎಂದರೆ ಅರ್ಥವೇ ಬೇರೆ. ಮದುವೆಯ ಹಿಂದಿನ ರಾತ್ರಿ ಒಂದು ಕೀಬೋರ್ಡು, ಒಂದು ಪ್ಯಾಡು, ಮಿಂಚುವ ಕೋಟು ತೊಟ್ಟ ಇಬ್ಬರು ಗಾಯಕರು, ಹಿಂದಿನ ಬ್ಯಾನರಿನಲ್ಲಿ ‘ರಸಮಂಜರಿ’. ಕೌಲ್ ಬಜಾರಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಧ್ವನಿವರ್ಧಕ ಬಾಡಿಗೆಗೆ ಕೊಡುವ ನಾನು ಅಂಥ ಆರ್ಕೆಸ್ಟ್ರಾಗಳ ವೈರು ಸುತ್ತಿಯೇ ಮನೆ ನಡೆಸಿದವನು. ಹೀಗಾಗಿ, ಆರ್ಕೆಸ್ಟ್ರಾ ಪಾಪ್ ಎಂಬ ಹೆಸರಿನಡಿ ಅಮೆರಿಕದ ಗಾಯಕ ಸುಫ್ಯಾನ್ ಸ್ಟೀವನ್ಸ್‌ನ ‘ಮಿಷಿಗನ್’ ಆಲ್ಬಮ್ ಕೈಗೆ ಬಂದಾಗ ಗದ್ದಲಕ್ಕೆ ಕಿವಿ ಸಜ್ಜುಮಾಡಿಕೊಂಡೇ ಕೂತಿದ್ದೆ. ಬಂದದ್ದು ಒಂದು ಪಿಯಾನೊ, ಉಸಿರಿನಷ್ಟೇ ತೆಳುವಾದ ದನಿ, ಆಮೇಲೆ ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಊದಿಕೊಳ್ಳುತ್ತಿರುವಂಥ ಟ್ರಂಪೆಟ್.

ಇದು 2003ರ ಜುಲೈನಲ್ಲಿ ಹೊರಬಂದದ್ದು. ಆತನ ಮೂರನೆಯ ಆಲ್ಬಮ್. ಅಸ್ತಮ್ಯಾಟಿಕ್ ಕಿಟ್ಟಿ, ಅಂದರೆ ಉಬ್ಬಸದ ಬೆಕ್ಕಿನಮರಿ, ಎಂಬ ಲೇಬಲ್ಲನ್ನು 1999ರಲ್ಲಿ ಮಲತಂದೆಯ ಜೊತೆ ತಾನೇ ಕಟ್ಟಿಕೊಂಡು ಅದರಿಂದಲೇ ಹೊರತಂದ. ದೊಡ್ಡ ಕಂಪನಿಯ ಹಣವಿಲ್ಲ, ದೊಡ್ಡ ಸ್ಟುಡಿಯೊ ಇಲ್ಲ. ಹಾಡಿದ್ದು, ಬರೆದದ್ದು, ಬಾಂಜೊ, ಪಿಯಾನೊ, ಓಬೋ, ವೈಬ್ರಾಫೋನ್ ಎಂದು ಇಪ್ಪತ್ತಕ್ಕೂ ಹೆಚ್ಚು ವಾದ್ಯ ನುಡಿಸಿದ್ದು ಬಹುಪಾಲು ಅವನೊಬ್ಬನೇ. ಕೆಲವೆಡೆ ಹೆಣ್ಣುದನಿಗಳು ಸೇರಿಕೊಳ್ಳುತ್ತವೆ, ಅಲ್ಲಿಲ್ಲಿ ಗೆಳೆಯರ ಕೈಯಿದೆ.

ನನ್ನ ಕಸುಬಿನವರಿಗೆ ರುಚಿಸುವ ಸಂಗತಿ ಇನ್ನೊಂದಿದೆ. ಇಷ್ಟೆಲ್ಲವನ್ನೂ ಆತ ಹಿಡಿದದ್ದು ರೋಲೆಂಡ್ ಕಂಪನಿಯ ಎಂಟು ಟ್ರ್ಯಾಕಿನ ಒಂದು ಪುಟ್ಟ ಪೆಟ್ಟಿಗೆಯಲ್ಲಿ, ಮುಖ್ಯವಾಗಿ ಎರಡು ಶೂರ್ ಎಸ್‌ಎಂ57 ಮೈಕುಗಳಿಂದ. ಎಸ್‌ಎಂ57 ಎಂದರೆ ನಾವು ಡೊಳ್ಳಿನ ಮುಂದೆ, ತಬಲಾದ ಪಕ್ಕ, ಗಿಟಾರ್ ಆಂಪ್ಲಿಫೈಯರಿನ ಮೂತಿಗೆ ಇಡುವ ಮೈಕು. ಕೈಜಾರಿ ಬಿದ್ದರೂ ಎತ್ತಿ ಒರೆಸಿ ಮತ್ತೆ ನಿಲ್ಲಿಸಬಹುದು. ನನ್ನ ಪೆಟ್ಟಿಗೆಯಲ್ಲೇ ಆರು ಇವೆ, ಎರಡಕ್ಕೆ ಜಾಲರಿ ಇಲ್ಲ. ಸಾಲದ್ದಕ್ಕೆ ಧ್ವನಿಮುದ್ರಣ ನಡೆದದ್ದು, ಅಂದರೆ ಯಂತ್ರ ದನಿಯನ್ನು ಸೆಕೆಂಡಿಗೆ ಸಾವಿರಗಟ್ಟಲೆ ಬಾರಿ ಅಳೆದದ್ದು, 32 ಕಿಲೋಹರ್ಟ್ಸ್‌ನಲ್ಲಿ. ಸಾಮಾನ್ಯ ಸಿಡಿಯದೇ 44.1. ಲೆಕ್ಕ ಸರಳ: ಆ ಅಳತೆಯ ಅರ್ಧದಷ್ಟು ಎತ್ತರದ ನಾದದವರೆಗಷ್ಟೇ ದಾಖಲಾಗುತ್ತದೆ; 32ರ ಅರ್ಧ 16, ಆ 16 ಕಿಲೋಹರ್ಟ್ಸ್‌ನ ಆಚೆಗಿನ ಸಣ್ಣ ಮಿನುಗು ಆ ಮುದ್ರಣದಲ್ಲಿ ಉಳಿಯುವುದೇ ಇಲ್ಲ. ಗಾಜಿನಂಥ ಹೊಳಪು ಬೇಕೆನ್ನುವವರಿಗೆ ಇದು ಕೊರತೆ. ನನಗೆ ಹಾಗನ್ನಿಸಲಿಲ್ಲ. ಸಿಂಬಲ್ಲುಗಳ ಅಂಚು ಸವೆದು ಇಡೀ ಆಲ್ಬಮ್ಮಿಗೆ ಹಳೆಯ ಕಂಬಳಿಯ ಮೆದು ಬಂದಿದೆ.

ಹೆಸರೇ ಹೇಳುವಂತೆ ಇದು ಅಮೆರಿಕದ ಒಂದು ರಾಜ್ಯದ ಮೇಲಿನ ಆಲ್ಬಮ್. ಆತ 1975ರಲ್ಲಿ ಹುಟ್ಟಿದ್ದು ಡೆಟ್ರಾಯ್ಟ್‌ನಲ್ಲಿ, ಬೆಳೆದದ್ದು ಮಿಷಿಗನ್ನಿನ ಉತ್ತರದ ಊರುಗಳಲ್ಲಿ. ಹದಿನೈದು ಹಾಡುಗಳಲ್ಲಿ ಹೆಚ್ಚಿನವುಗಳ ತಲೆಬರಹದಲ್ಲೇ ಊರು, ಹೊಳೆ, ಸರೋವರಗಳಿವೆ. ಅಮೆರಿಕದ ಐವತ್ತು ರಾಜ್ಯಕ್ಕೂ ಒಂದೊಂದು ಆಲ್ಬಮ್ ಮಾಡುತ್ತೇನೆ ಎಂದು ಸಾರಿ, 2005ರಲ್ಲಿ ಇಲಿನಾಯ್ ಮುಗಿಸಿ, ಆಮೇಲೆ ಅದು ಪ್ರಚಾರದ ಗಿಮಿಕ್ ಆಗಿತ್ತು ಎಂದು ತಾನೇ ಒಪ್ಪಿಕೊಂಡ. ನಮ್ಮ ಕಡೆಯ ಚುನಾವಣಾ ಭರವಸೆಗಳಿಗಿಂತ ವಾಸಿ. ಇಲ್ಲಿ ಒಪ್ಪಿಕೊಳ್ಳುವವರೂ ಇಲ್ಲ.

ಮೊದಲ ಹಾಡು ಫ್ಲಿಂಟ್ ಎಂಬ ಊರಿನದು. ಕೆಲಸವಿಲ್ಲದವರಿಗೆ ಮತ್ತು ಕಡಿಮೆ ಕೂಲಿಯವರಿಗೆ ಎಂದು ತಲೆಬರಹದಲ್ಲೇ ಅರ್ಪಣೆ. 1908ರಲ್ಲಿ ಜನರಲ್ ಮೋಟರ್ಸ್ ಎಂಬ ಕಾರು ಕಂಪನಿ ಹುಟ್ಟಿದ ಊರು ಅದು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಜನ ಉಳಿದರು, ಕೆಲಸ ಉಳಿಯಲಿಲ್ಲ. ಈ ಹಾಡನ್ನು ನಾನು ಮೊದಲು ಪೂರ್ತಿ ಕೇಳಿದ್ದು ಕುರುಗೋಡಿನ ಮದುವೆ ಮುಗಿಸಿ, ಸ್ಪೀಕರುಗಳನ್ನು ಟಾಟಾ ಏಸ್‌ಗೆ ಏರಿಸಿ ಬೆಳಗಿನ ಜಾವ ಬಳ್ಳಾರಿಗೆ ಮರಳುವಾಗ. ಪಕ್ಕದಲ್ಲಿ ದೊಡ್ಡಪ್ಪನ ಮಗ. ಅವನಿಗೂ ಒಂದು ಕಾಲದಲ್ಲಿ ಸ್ವಂತ ಟಿಪ್ಪರ್ ಇತ್ತು. ಸಂಡೂರಿನಿಂದ ಅದಿರು ಹೊತ್ತು ಹಗಲು ರಾತ್ರಿ ಓಡುತ್ತಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ತಡೆ ಬೇಕಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಗುಡ್ಡಗಳನ್ನು ಕಡಲೆಪುರಿಯಂತೆ ತಿಂದು ಮುಗಿಸುತ್ತಿದ್ದರು. ಆದರೆ ಆ ಟಿಪ್ಪರ್ ಏಳು ತಿಂಗಳು ಬೇವಿನ ಮರದ ಕೆಳಗೆ ನಿಂತಿತು. ತೊಟ್ಟಿಯಲ್ಲಿ ಮೊದಲು ಎಲೆ ತುಂಬಿತು, ಆಮೇಲೆ ಬೆಕ್ಕು ಮರಿ ಹಾಕಿತು, ಕೊನೆಗೆ ಸಾಲ ಕೊಟ್ಟವರು ಬಂದು ಎಳೆದುಕೊಂಡು ಹೋದರು. ಅಂದಿನಿಂದ ಅವನು ನನ್ನ ಏಸ್ ಓಡಿಸುತ್ತಾನೆ.

ಹಾಡು ಮುಗಿಯುವವರೆಗೂ ಅವನು ಮಾತಾಡಲಿಲ್ಲ. ಇಂಗ್ಲಿಷ್ ಅವನಿಗೆ ಬಾರದು. ಊರಿನ ಕತೆ ಹೇಳಿದೆ. “ಹಾಗಾದರೆ ಇವನು ಯಾಕೆ ಯಾರನ್ನೂ ಬೈಯುತ್ತಿಲ್ಲ?” ಎಂದು ಕೇಳಿದ. ಈ ಆಲ್ಬಮ್ಮಿನ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ವಿಷಯಕ್ಕೆ ಬಂದಿರಲಿಲ್ಲ. ನಿಜ, ಇಲ್ಲಿ ಬೈಗುಳವಿಲ್ಲ. ಕೆಲಸ ಹೋದವನು ಒಳಗೊಳಗೇ ತನ್ನನ್ನೇ ಬೈದುಕೊಳ್ಳುತ್ತಾನಲ್ಲ, ಆ ದನಿ ಇದೆ.

ಮರುದಿನ ಭೂಪಟ ತೆಗೆದು ಕೂತೆ. ಒಂದು ಹಾಡಿನ ಉದ್ದ ತಲೆಬರಹದಲ್ಲಿ ಮಾರ್ಕೆಟ್ ಎಂಬ ಊರಿದೆ (ಸಂತೆಯಲ್ಲ, ಊರ ಹೆಸರೇ ಹಾಗೆ). ಆ ಸೀಮೆಯಲ್ಲಿ 1844ರಲ್ಲಿ ಕಬ್ಬಿಣದ ಅದಿರು ಸಿಕ್ಕಿತಂತೆ. ಇನ್ನೊಂದರ ತಲೆಬರಹದಲ್ಲಿರುವುದು ಸೂ ಸೇಂಟ್ ಮರೀ. ಅಲ್ಲಿ 1855ರಲ್ಲಿ ತೆರೆದ ಕಾಲುವೆಯ ಬಾಗಿಲುಗಳ ಮೂಲಕ ಅದಿರಿನ ಹಡಗುಗಳು ಸರೋವರದಿಂದ ಸರೋವರಕ್ಕೆ ಇಳಿದು ಉಕ್ಕಿನ ಊರುಗಳಿಗೆ ಹೋಗುತ್ತವೆ. ನಮ್ಮದು ಲಾರಿ, ಗೂಡ್ಸ್ ಗಾಡಿ, ತೋರಣಗಲ್ಲು, ಕೃಷ್ಣಪಟ್ಟಣಂ ಬಂದರು. ಕೆಂಪು ಧೂಳು ಎರಡೂ ಕಡೆ ಒಂದೇ. ಇದು ತಿಳಿದ ಮೇಲೆ ಆ ಹಾಡುಗಳು ನನಗೆ ಪರದೇಶದವಾಗಿ ಉಳಿಯಲಿಲ್ಲ.

ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನ ಎದೆ ‘ರೋಮ್ಯುಲಸ್’. ರೋಮಿನ ಕತೆಯಲ್ಲ, ಡೆಟ್ರಾಯ್ಟಿನ ವಿಮಾನ ನಿಲ್ದಾಣವಿರುವ ಊರು. ಮಕ್ಕಳನ್ನು ಬಿಟ್ಟುಹೋದ ತಾಯಿ ಒಂದು ದಿನದ ಮಟ್ಟಿಗೆ ಬರುತ್ತಾಳೆ, ಅವಳ ಕಾರು ಕೆಟ್ಟು ನಿಲ್ಲುತ್ತದೆ, ಅದು ರಿಪೇರಿಯಾಗದಿರಲಿ ಎಂದು ಮಕ್ಕಳು ಬೇಡಿಕೊಳ್ಳುತ್ತಾರೆ. ಅದೇ ತಾಯಿಯ ಬಗ್ಗೆ ನಾಚಿಕೆಯೂ ಇದೆ. ಬಾಂಜೊ ಮೆಲ್ಲಗೆ ಉದುರುತ್ತದೆ, ಅಷ್ಟೇ. ಇಲ್ಲಿ ಒಂದು ಪಿಟೀಲು ಹೆಚ್ಚಾಗಿದ್ದರೂ ಕಣ್ಣೀರಿನ ಧಾರಾವಾಹಿಯಾಗುತ್ತಿತ್ತು.

ಆ ಹಿಡಿತ ಎಲ್ಲ ಕಡೆ ಇಲ್ಲ. ಡೆಟ್ರಾಯ್ಟಿನ ಮೇಲಿನ ಎಂಟು ನಿಮಿಷದ ಹಾಡಿನಲ್ಲಿ ವೈಬ್ರಾಫೋನಿನ ಒಂದೇ ಸುತ್ತು ಗಿರಣಿಯ ಬೆಲ್ಟಿನಂತೆ ತಿರುಗುತ್ತಲೇ ಇರುತ್ತದೆ, ಮೇಲೆ ಘೋಷಣೆಗಳ ಪಟ್ಟಿ. ಕಾರ್ಖಾನೆಯ ಲಯವನ್ನೇ ತರಲು ಹೊರಟಿರಬಹುದು. ನನಗೆ ಐದನೆಯ ನಿಮಿಷಕ್ಕೇ ಕೈ ಮುಂದಿನ ಹಾಡಿನ ಗುಂಡಿಯತ್ತ ಹೋಗುತ್ತದೆ. ದೇವರನ್ನು ಹುಡುಕುವ ಒಂಬತ್ತು ನಿಮಿಷದ ಹಾಡು ಕೂಡ ಎಳೆದಾಟವೇ. ನಡುವಿನ ಪುಟ್ಟ ವಾದ್ಯ ತುಣುಕುಗಳ ಬಗ್ಗೆ ತಕರಾರಿಲ್ಲ.

ಇದನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಬೇಡಿ. ನಾನು ಹಾಕಿದೆ. ಒಂದು ಕಲ್ಯಾಣ ಮಂಟಪದಲ್ಲಿ ಸೌಂಡ್ ಚೆಕ್ಕಿಗೆಂದು ಫ್ಲಿಂಟ್ ಹಚ್ಚಿದೆ. ಮದುಮಗಳ ಸೋದರಮಾವ ಅಡುಗೆಮನೆಯಿಂದ ಓಡಿಬಂದು, “ಯಾರು ಹೋದರು?” ಎಂದು ಕೇಳಿದರು. ತಕ್ಷಣ ನಿಲ್ಲಿಸಿ ರಾಜಕುಮಾರರ ಹಾಡು ಹಾಕಬೇಕಾಯಿತು. ಹೆಡ್‌ಫೋನಿನಲ್ಲಿ, ಬಿಸಿಲು ಇಳಿದ ಮೇಲೆ, ಮಾಳಿಗೆಯ ಮೇಲೆ ಕೇಳಿ.

ಅಪ್ಪನಿಗೂ ಕೇಳಿಸಿದೆ. ಮೂವತ್ತು ವರ್ಷ ಬ್ಯಾಂಡ್ ಸೆಟ್ಟಿನಲ್ಲಿ ಶಹನಾಯಿ ಊದಿದವರು, ಈಗ ಹಲ್ಲಿಲ್ಲ. ಓಬೋ ಕೂಡ ಶಹನಾಯಿಯ ಕುಲದ್ದೇ: ಎರಡು ಜೊಂಡಿನ ಸೀಳುಗಳು ತುಟಿಯ ನಡುವೆ ಅದುರಿದರೆ ನಾದ. ಓಬೋ ಬಂದ ಕಡೆ ಅಪ್ಪ ಕೈಯೆತ್ತಿ ನಿಲ್ಲಿಸಲು ಹೇಳಿದರು, ಮತ್ತೊಮ್ಮೆ ಹಾಕಿಸಿದರು, ಕಣ್ಣು ಮುಚ್ಚಿಕೊಂಡು ಕೇಳಿದರು.

“ಹುಡುಗ ಚೆನ್ನಾಗಿ ಊದುತ್ತಾನೆ,” ಎಂದರು. “ಜೊಂಡು ಮಾತ್ರ ಇನ್ನೊಂದಿಷ್ಟು ಒಣಗಬೇಕಿತ್ತು.”